ಒಂದು ತಪ್ಪಿಗೆ ಇಡೀ ಪುಟ

ಜೂನ್ 14, ಶುಕ್ರವಾರ

ಇದು ಗಿರಾಕಿಗಳ ಅಳತೆ ಬರೆದುಕೊಳ್ಳಲು ತಂದಿಟ್ಟ ಪುಸ್ತಕ. ಇವತ್ತಿನಿಂದ ಇದರಲ್ಲಿ ಬೇರೆ ಅಳತೆ ಬರೆಯುತ್ತೇನೆ. ಯಾರು ನನಗೆ ಏನು ಅಂದರು, ಅವರಿಗೆ ಯಾವತ್ತು ಎಷ್ಟು ತಿರುಗಿಸಿ ಕೊಡಬೇಕು ಅನ್ನುವ ಅಳತೆ.

ಮೊದಲ ಗಿರಾಕಿ ಮಗಳ ಶಾಲೆಯ ಹೆಡ್ ಮೇಡಂ. ಇವತ್ತು ಪೋಷಕರ ಸಭೆ ಇತ್ತು. ಮೂವತ್ತು ಜನ ಅಪ್ಪ ಅಮ್ಮಂದಿರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಮುದುಡಿ ಕೂತಿದ್ದೆವು. ನನ್ನ ಮಗಳ ಸರದಿ ಬಂತು. ಒಂಬತ್ತು ವರ್ಷ, ನಾಲ್ಕನೇ ತರಗತಿ, ಮನೆಯಲ್ಲಿ ಎಲ್ಲರ ಬಾಯಲ್ಲೂ ಚಿಲ್ಟು. ಆ ಹೆಂಗಸು ಅವಳ ಲೆಕ್ಕದ ಪುಸ್ತಕವನ್ನು ಬಿಡಿಸಿ, ಕೆಂಪು ಗೀಟುಗಳೆಲ್ಲ ಕಾಣುವ ಹಾಗೆ ಮೇಲೆತ್ತಿ ಹಿಡಿದಳು.

"ಈ ಮಗೂಗೆ ಲೆಕ್ಕ ತಲೆಗೆ ಹತ್ತಲ್ಲಮ್ಮ. ಹೇಳಿ ಹೇಳಿ ನಮಗೂ ಸಾಕಾಯ್ತು. ನೀವು ಹೇಗೂ ಬಟ್ಟೆ ಹೊಲೀತೀರಲ್ಲ, ಅದನ್ನೇ ಕಲಿಸಿಬಿಡಿ. ಅದಕ್ಕೇನು ಲೆಕ್ಕ ಬೇಕಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದಕ್ಕೇನು ಲೆಕ್ಕ ಬೇಕಾ! ಆಕೆ ತೊಟ್ಟಿದ್ದ ಕೋಟನ್ನು ಹೊಲಿದವಳು ನಾನು. ಆಕೆಯ ಎಡ ಭುಜ ಬಲ ಭುಜಕ್ಕಿಂತ ಅರ್ಧ ಇಂಚು ಕೆಳಗಿದೆ. ಎಂಟು ವರ್ಷದಿಂದ ಅದು ಒಬ್ಬರ ಕಣ್ಣಿಗೂ ಬಿದ್ದಿಲ್ಲ ಅಂದರೆ ಅದು ನನ್ನ ಲೆಕ್ಕ.

ಎದ್ದು ನಿಂತೆ. "ನಾಳೆಯಿಂದ ಇವಳು ನಿಮ್ಮ ಶಾಲೆಗೆ ಬರಲ್ಲ. ಮನೇಲಿ ನಾನೇ ಕಲಿಸ್ತೀನಿ. ತಲೆಗೆ ಹತ್ತುತ್ತೋ ಇಲ್ವೋ ನಿಮ್ಮ ಕಣ್ಣೆದುರೇ ತೋರಿಸ್ತೀನಿ" ಅಂದೆ. ಪಕ್ಕದಲ್ಲೇ ಕೂತಿದ್ದ ಚಿಲ್ಟುವಿನ ಕೈ ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು, "ಅಮ್ಮ, ನನ್ನ ನೀರಿನ ಬಾಟ್ಲಿ ಅಲ್ಲೇ ಇದೆ" ಅನ್ನುತ್ತಿದ್ದಳು.

ಜೂನ್ 17, ಸೋಮವಾರ

ಶಿಕ್ಷಣ ಕಚೇರಿಗೆ ಹೋಗಿದ್ದೆ. ಮನೆಯಲ್ಲೇ ಕಲಿಸಬಹುದಂತೆ, ಅಡ್ಡಿಯಿಲ್ಲವಂತೆ. ಆದರೆ ಸೆಪ್ಟೆಂಬರ್ ಇಪ್ಪತ್ತಕ್ಕೆ ಮಗು ಒಂದು ಪರೀಕ್ಷೆಗೆ ಕೂರಬೇಕು. ಇಪ್ಪತ್ತು ಲೆಕ್ಕ. ಹನ್ನೆರಡು ಸರಿಯಾದರೆ ಮನೆಪಾಠ ಮುಂದುವರಿಸಬಹುದು. ಇಲ್ಲವಾದರೆ ಮಗು ಮರಳಿ ಶಾಲೆಗೆ.

ಅರ್ಜಿಯಲ್ಲಿ 'ಶಾಲೆ ಬಿಡಿಸಲು ಕಾರಣ' ಅಂತ ಎರಡು ಗೆರೆ ಬಿಟ್ಟಿದ್ದರು. ನಾನು ಎರಡೂ ಗೆರೆ ತುಂಬಿಸಿ, ಅಂಚಿನಲ್ಲೂ ಬರೆದು, ಹಿಂದಿನ ಪುಟಕ್ಕೆ ತಿರುಗಿಸಿದೆ. ಗುಮಾಸ್ತ ಕನ್ನಡಕ ಸರಿಸಿ ನೋಡಿದ. "ಅಮ್ಮಾ, ಇದು ಅರ್ಜಿ, ದೂರಲ್ಲ. 'ಸ್ವಂತ ಇಚ್ಛೆ' ಅಂತ ಬರೀರಿ ಸಾಕು."

ಪರೀಕ್ಷೆ ಹತ್ತಿರದ ಶಾಲೆಯಲ್ಲೇ ನಡೆಯುತ್ತದಂತೆ. ಹತ್ತಿರದ ಶಾಲೆ ಯಾವುದು ಅಂತ ಕೇಳಬೇಕೇ? ಬೇರೆ ಕಡೆ ಬೇಕಿದ್ದರೆ ಇನ್ನೊಂದು ಅರ್ಜಿ ಕೊಡಿ ಅಂದ. "ಬೇಡಪ್ಪ, ಅಲ್ಲೇ ಇರಲಿ" ಅಂದೆ. ಅಷ್ಟು ಮೆಲ್ಲಗೆ, ಅಷ್ಟು ಮರ್ಯಾದೆಯಿಂದ ನಾನು ಯಾವತ್ತೂ ಮಾತಾಡಿದ್ದಿಲ್ಲ.

ಜೂನ್ 21

ಪಾಠ ಶುರುವಾಗಿ ನಾಲ್ಕು ದಿನ. ಮುಂದಿನ ಕೋಣೆಯಲ್ಲಿ ನನ್ನ ಮಿಷನ್, ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಅವಳ ಪುಸ್ತಕ. ಇವತ್ತು ಒಂದು ಗಜ ಬಟ್ಟೆ ಕೊಟ್ಟು ಮಡಚಲು ಹೇಳಿದೆ. ಅರ್ಧ, ಕಾಲು, ಅರೆಕಾಲು. ಎರಡು ಕಾಲು ಭಾಗ ಅರ್ಧದ ಮೇಲೆ ಸರಿಯಾಗಿ ಕೂತದ್ದನ್ನು ನೋಡಿ ಅವಳಿಗೆ ಕೋಪವೇ ಬಂತು. "ಇಷ್ಟೇನಾ! ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಅವರಿಗೆ?"

ಮಗ್ಗಿಗೆ ಗುಂಡಿ ಡಬ್ಬಿ ಸುರಿದೆ. ಒಂದು ಗುಂಡಿಗೆ ನಾಲ್ಕು ತೂತು, ಏಳು ಗುಂಡಿಗೆ ಎಷ್ಟು? ಸಂಜೆಯ ಹೊತ್ತಿಗೆ ನಾಲ್ಕರ ಮಗ್ಗಿ ನಾಲಿಗೆಯ ತುದಿಯಲ್ಲಿತ್ತು. ಪ್ರಶ್ನೆಗಳೋ, ಸಾಲು ಸಾಲು. ಸೂಜಿಗೆ ಕಣ್ಣು ಅಂತ ಯಾಕೆ ಅಂತಾರೆ, ಅದಕ್ಕೆ ಕಾಣುತ್ತಾ? ಅಡ್ಡ ಕತ್ತರಿಸಿದ ಬಟ್ಟೆ ಯಾಕೆ ಜಗ್ಗುತ್ತೆ? ಮೂರು ತೂತಿನ ಗುಂಡಿ ಯಾಕಿಲ್ಲ? ನನಗೆ ತಲೆ ಚಿಟ್ಟು ಹಿಡಿಯಿತು, ಎರಡು ಕಾಲರು ಉಲ್ಟಾ ಹೊಲಿದೆ. ಆದರೂ ನಗು ಬಂತು.

ಈ ಮಗುವಿಗೆ ತಲೆಗೆ ಹತ್ತಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಜೂನ್ 30, ಭಾನುವಾರ

ನಾದಿನಿ ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ, ಅರ್ಜಿ ತುಂಬಿಸಿದ ಹಾಗೆ ಪ್ರಶ್ನೆ ಕೇಳುತ್ತಾಳೆ.

"ಅತ್ತಿಗೆ, ಮುಂದೆ ಸರ್ಟಿಫಿಕೇಟು ಯಾರು ಕೊಡ್ತಾರೆ?"

"ಪರೀಕ್ಷೆ ಮಾಡೋರು ಕೊಡ್ತಾರೆ."

"ಬೇರೆ ಮಕ್ಕಳ ಜೊತೆ ಬೆರೆಯೋದು ಹೇಗೆ? ಮೂಲೆ ಸೇರಿಬಿಡಲ್ವಾ?"

"ಬೀದಿ ತುಂಬ ಮಕ್ಕಳಿದಾರೆ. ಬೆರೀತಾಳೆ."

"ಬೇಜಾರು ಮಾಡ್ಕೋಬೇಡಿ, ನೀವು ಓದಿರೋದು ಹತ್ತನೇ ಕ್ಲಾಸು. ದೊಡ್ಡ ಪಾಠಗಳು ಬಂದ್ರೆ?"

"ಅವಳ ಜೊತೆ ನಾನೂ ಓದ್ತೀನಿ."

"ಕಲೀತಿದಾಳೆ ಅಂತ ನಿಮಗೆ ಗೊತ್ತಾಗೋದು ಹೇಗೆ?"

"ನನ್ನ ಮಗಳು, ನನಗೆ ಗೊತ್ತಾಗಲ್ವಾ?"

"ಬೆಳಗಿಂದ ಸಂಜೆ ತನಕ ತಾಯಿ ಮಗಳು ಒಂದೇ ರೂಮಲ್ಲಿ ಇದ್ರೆ, ನೀವು ಅವಳಿಗೆ ಅಮ್ಮ ಆಗಿರೋದು ಯಾವಾಗ?"

ಇದಕ್ಕೆ ಬನ್ನಿನ ತಟ್ಟೆ ಮುಂದೆ ತಳ್ಳಿದೆ. ಬಾಯಿ ತುಂಬಿದರೆ ಪ್ರಶ್ನೆ ನಿಲ್ಲುತ್ತದೆ. ಅವಳ ಹೆಸರನ್ನೂ ಅಳತೆ ಪುಸ್ತಕಕ್ಕೆ ಏರಿಸಿದ್ದೇನೆ. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಅವಳ ಬ್ಯಾಂಕಿಗೇ ಹೋಗಿ ಉತ್ತರ ಕೊಟ್ಟು ಬರುತ್ತೇನೆ.

ಜುಲೈ 9

ಬೇಕರಿಯ ಸಾಲಿನಲ್ಲಿ ನಮ್ಮ ಹಿಂದೆಯೇ ಹೆಡ್ ಮೇಡಂ. ನಾನು ಹೊಲಿದ ಕೋಟು, ನನ್ನೆದುರೇ.

"ಹೇಗೆ ನಡೀತಿದೆ ಪಾಠ? ಏನಾದರೂ ಪುಸ್ತಕ ಗಿಸ್ತಕ ಬೇಕಿದ್ರೆ ಸಂಕೋಚ ಮಾಡ್ಕೋಬೇಡಿ" ಅಂದಳು. ದನಿಯಲ್ಲಿ ಜೇನು. ಎಷ್ಟು ಸೊಕ್ಕು ನೋಡಿ! ನಿಮಗೆ ಪುಸ್ತಕಕ್ಕೂ ಗತಿಯಿಲ್ಲ ಅಂತ ಹತ್ತು ಜನರ ಮುಂದೆ ಹೇಳಿದ ಹಾಗಾಯಿತು. ಸಾಲದ್ದಕ್ಕೆ ಚಿಲ್ಟು ಆಕೆಯನ್ನು ನೋಡಿ ಹಲ್ಲು ಬಿಟ್ಟಳು. "ಮೇಡಂ, ನಂಗೆ ನಾಲ್ಕರ ಮಗ್ಗಿ ಬರುತ್ತೆ!" ಆಕೆ ಕೆನ್ನೆ ಸವರಿ, "ಹೌದಾ ಮರೀ? ಏಳರದ್ದು?" ಅಂದಳು. ಇವಳು ಏಳಾರ್ಲಿ ನಲವತ್ನಾಲ್ಕು ಅಂದುಬಿಟ್ಟಳು.

ಬ್ರೆಡ್ಡು ತೆಗೆದುಕೊಳ್ಳದೆ ಬಂದೆ. ಮನೆಗೆ ಬಂದು ಅವಳಿಗೆ ಏಳರ ಮಗ್ಗಿ ನಲವತ್ತು ಸಲ ಬರೆಸಿದೆ. ಗುಂಡಿ ಗಿಂಡಿ ಎಲ್ಲ ಡಬ್ಬಿಗೆ. ಆಟ ಮುಗಿಯಿತು.

ಜುಲೈ 10

ನನಗೆ ಕತ್ತರಿ ಹಿಡಿಯಲು ಕಲಿಸಿದ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: ಓರೆ ಹೊಲಿಗೆಯ ಪಕ್ಕ ನೆಟ್ಟಗಿನ ಹೊಲಿಗೆ ಹಾಕಿ ತೇಪೆ ಹಚ್ಚಬೇಡ, ಪೂರ್ತಿ ಬಿಚ್ಚು, ಮೊದಲಿಂದ ಹೊಲಿ. ನಾನು ಕೆಲಸ ಕಲಿತದ್ದು ಹಾಗೆ. ಇವತ್ತಿನಿಂದ ಚಿಲ್ಟುವಿಗೂ ಅದೇ ನಿಯಮ. ಒಂದು ಪುಟದಲ್ಲಿ ಹತ್ತು ಲೆಕ್ಕ. ಒಂದು ತಪ್ಪಾದರೂ ರಬ್ಬರು ತೆಗೆದುಕೊಂಡು ಇಡೀ ಪುಟ ಒರೆಸಬೇಕು, ಮೊದಲಿಂದ ಬರೆಯಬೇಕು.

"ಸರಿ ಇರೋದನ್ನೂ ಒರೆಸಬೇಕಾ?" ಅಂದಳು.

"ಸರಿ ಇರೋದನ್ನೂ."

ಜುಲೈ 25

ಒಂದೇ ಪುಟ, ಒಂಬತ್ತು ಸಲ. ಒಂಬತ್ತನೆಯ ಸಲ ಹತ್ತಕ್ಕೆ ಹತ್ತು. ನೋಡಿದೆಯಾ ಮೇಡಂ?

ಆಗಸ್ಟ್ 6

ಪಕ್ಕದ ಮನೆಯ ಹುಡುಗಿ ಹಗ್ಗ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. "ಆಂಟಿ, ಚಿಲ್ಟುನ ಆಟಕ್ಕೆ ಕಳಿಸ್ತೀರಾ?" ಆ ಶಾಲೆಗೇ ಹೋಗುವವಳು. ಇಲ್ಲಿ ಬಂದು ನೋಡಿಕೊಂಡು ನಾಳೆ ಅಲ್ಲಿ ಒಪ್ಪಿಸುವುದಿಲ್ಲ ಅಂತ ಏನು ಗ್ಯಾರಂಟಿ? ಪರೀಕ್ಷೆ ಮುಗಿದ ಮೇಲೆ ಬಾ ಅಂದೆ. ಚಿಲ್ಟು ತಲೆಯೆತ್ತಲಿಲ್ಲ, ಬರೆಯುತ್ತಲೇ ಇದ್ದಳು. ಎಷ್ಟು ಗಮನ!

ಗಂಡ ಕೆಲಸದಿಂದ ಬಂದು ಬೂಟು ಬಿಚ್ಚುತ್ತ ಎಲ್ಲ ಕೇಳಿಸಿಕೊಂಡರು. ಲಿಫ್ಟು ರಿಪೇರಿ ಮಾಡುವವರು, ಯಾವುದಕ್ಕೂ ಅವಸರವಿಲ್ಲ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಮ್ಮನೇಲಿ ಗಂಡನ್ನೇ ಬಿಟ್ಬಿಟ್ಟಿದೀಯಲ್ಲೇ. ಜಗಳ ಏನಿದ್ರೂ ನಿಂಗೂ ಆ ಮೇಡಂಗೂ!"

"ನಿಮಗೆ ತಮಾಷೆ. ನಿಮ್ಮನ್ನ ಯಾರೂ ಮೂವತ್ತು ಜನರ ಮುಂದೆ ಅನ್ನಲಿಲ್ಲ."

"ನಿನ್ನನ್ನೂ ಅನ್ನಲಿಲ್ಲ ಕಣೇ. ಅಂದಿದ್ದು ಮಗೂನ."

ಮಿಷನ್ ಓಡಿಸಿದೆ. ಅವರಿಗೆ ಅರ್ಥವಾಗುವುದಿಲ್ಲ.

ಆಗಸ್ಟ್ 20

ಒರೆಸಿ ಒರೆಸಿ ಕಾಗದ ಹರಿಯುತ್ತಿದೆ. ದಪ್ಪ ಹಾಳೆಯ ಪುಸ್ತಕ ತಂದೆ. ಅವಳು ಪೆನ್ಸಿಲನ್ನು ಒತ್ತಿ ಒತ್ತಿ ಬರೆಯುತ್ತಾಳೆ, ಬೆರಳಿನಲ್ಲಿ ಗಂಟು ಎದ್ದಿದೆ. ಇರಲಿ, ನನ್ನ ಬೆರಳಲ್ಲೂ ಇದೆ.

ಒಳ್ಳೆಯ ಬದಲಾವಣೆ ಕಾಣುತ್ತಿದೆ. ಮೊದಲು ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದವಳು ಈಗ ಒಂದನ್ನೂ ಕೇಳುವುದಿಲ್ಲ. ಎಲ್ಲ ಅರ್ಥವಾಗುತ್ತಿದೆ ಅಂತ ತಾನೇ? ಹೇಳಿದ ಕೂಡಲೇ ಕೂರುತ್ತಾಳೆ, ಹೇಳುವ ತನಕ ಏಳುವುದಿಲ್ಲ. ಊಟಕ್ಕೆ ಕರೆದರೂ "ಬರಲಾ?" ಅಂತ ಒಂದು ಸಲ ಕೇಳಿಕೊಂಡು ಬರುತ್ತಾಳೆ. ಶಿಸ್ತು ಅಂದರೆ ಇದು. ಆ ಶಾಲೆ ನಾಲ್ಕು ವರ್ಷದಲ್ಲಿ ಕಲಿಸದ್ದನ್ನು ನಾನು ಎರಡು ತಿಂಗಳಲ್ಲಿ ಕಲಿಸಿದೆ.

ಸೆಪ್ಟೆಂಬರ್ 3

ಬೀದಿಯ ಕೊನೆಯ ಮನೆಯಾಕೆ ಮಗನ ಶಾಲೆಯ ಪ್ಯಾಂಟು ತಂದಿದ್ದಳು, ಮಂಡಿಯಲ್ಲಿ ಹರಿದದ್ದು. ಆ ಶಾಲೆಯ ಬಟ್ಟೆಗೆ ಇನ್ನು ಮುಂದೆ ಸೂಜಿ ಹಾಕುವುದಿಲ್ಲ ಅಂದೆ. ಆಕೆ ಬಾಯಿ ಬಿಟ್ಟುಕೊಂಡು ನೋಡಿದಳು. "ಪ್ಯಾಂಟು ನಿಮಗೇನ್ರೀ ಮಾಡ್ತು?" ಸಂಜೆ ಗಂಡನೂ ಅದನ್ನೇ ಕೇಳಿದರು. ಊರಿಗೆಲ್ಲ ಒಂದೇ ಪ್ರಶ್ನೆ.

ಆಕೆ ಹೋದ ಮೇಲೆ ನೋಡಿದರೆ ಚಿಲ್ಟು ಒಂದು ಪುಟವನ್ನು ಒರೆಸುತ್ತಿದ್ದಳು. ನಾನು ತಪ್ಪು ತೋರಿಸಿರಲೇ ಇಲ್ಲ. ತಾನೇ ಕಂಡುಹಿಡಿದಳಂತೆ. ಹೆಮ್ಮೆಯಾಯಿತು.

ಸೆಪ್ಟೆಂಬರ್ 15, ಭಾನುವಾರ

ಮಾತು ಸಿದ್ಧವಾಯಿತು. ಇಸ್ತ್ರಿ ಹಾಕುವಾಗ ಹೊಳೆಯಿತು. ಫಲಿತಾಂಶ ಹೇಳಿದ ತಕ್ಷಣ ಎಲ್ಲರ ಮುಂದೆ, ನಗುನಗುತ್ತಾ: "ಬಟ್ಟೆ ಹೊಲಿಯೋಕೆ ಲೆಕ್ಕ ಬೇಕಾಗುತ್ತೆ ಮೇಡಂ. ಹೆಡ್ ಮೇಡಂ ಆಗೋಕೆ ಬೇಡವೇನೋ." ಕನ್ನಡಿಯ ಮುಂದೆ ಐದಾರು ಸಲ ಹೇಳಿ ನೋಡಿದೆ. 'ಬೇಡವೇನೋ' ಅನ್ನುವಲ್ಲಿ ಸ್ವಲ್ಪ ಎಳೆಯಬೇಕು. ಆಕೆಯ ಮುಖದ ನೀರಿಳಿಯುವುದನ್ನು ನೋಡಲು ನನಗೆ ಎರಡು ಕಣ್ಣು ಸಾಲದು.

ನಿನ್ನೆ ಚಿಲ್ಟು ಇಪ್ಪತ್ತಕ್ಕೆ ಇಪ್ಪತ್ತು. ಇವತ್ತೂ ಇಪ್ಪತ್ತು.

ಸೆಪ್ಟೆಂಬರ್ 20, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶಾಲೆಯ ಕೊನೆಯ ಕೋಣೆಯಲ್ಲಿ ಪರೀಕ್ಷೆ. ಮನೆಯಲ್ಲಿ ಕಲಿಯುವ ಮಕ್ಕಳು ಐದು ಜನ. ಶಿಕ್ಷಣ ಕಚೇರಿಯ ಅಧಿಕಾರಿ ಮುಂದೆ ಕೂತಿದ್ದರು, ಹೆಡ್ ಮೇಡಂ ಬೆಂಚುಗಳ ನಡುವೆ ಓಡಾಡುತ್ತಿದ್ದಳು. ನಾವು ಪಡಸಾಲೆಯಲ್ಲಿ. ಕಿಟಕಿಯ ಗಾಜಿನಲ್ಲಿ ಚಿಲ್ಟುವಿನ ನೆತ್ತಿಯೂ ಬಲಗೈಯೂ ಕಾಣುತ್ತಿದ್ದವು. ಒಂದೂವರೆ ಗಂಟೆಯ ಪರೀಕ್ಷೆ. ಒಂದು ಗಂಟೆಯೊಳಗೆ ಅವಳು ಕೊನೆಯ ಲೆಕ್ಕದಲ್ಲಿದ್ದಳು. ಉಳಿದ ಮಕ್ಕಳು ಪೆನ್ಸಿಲು ಕಚ್ಚುತ್ತಿದ್ದರು. ನನ್ನ ಎದೆ ಉಬ್ಬಿತು. ಪಕ್ಕದಲ್ಲಿದ್ದ ಅಪರಿಚಿತ ತಾಯಿಗೆ, "ಅದು ನನ್ನ ಮಗಳು" ಅಂದೆ.

ಆಮೇಲೆ ಅವಳು ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. ತಲೆ ಎಲ್ಲೋ ಒಂದು ಕಡೆ ನಿಂತುಬಿಟ್ಟಿತು. ರಬ್ಬರು ಕೈಗೆ ಬಂತು. ಒಂದು ತಪ್ಪು ಸಿಕ್ಕಿರಬೇಕು, ತಿದ್ದಿಕೊಳ್ಳುತ್ತಿದ್ದಾಳೆ, ಜಾಣೆ ಅಂದುಕೊಂಡೆ. ಕೈ ಅಲ್ಲಾಡುತ್ತಲೇ ಇತ್ತು. ನಾನು ನಗುತ್ತಾ ನೋಡುತ್ತಲೇ ಇದ್ದೆ. ಅದೇ ನನಗೆ ಸಹಿಸಲಾಗದ ಸಂಗತಿ. ನಾನು ನಗುತ್ತಾ ನೋಡುತ್ತಲೇ ಇದ್ದೆ.

ಅವಳು ಎಲ್ಲವನ್ನೂ ಒರೆಸಿದಳು. ಮೊದಲಿಂದ ಬರೆಯಲು ಶುರು ಮಾಡಿದಳು. ಎರಡನೆಯ ಲೆಕ್ಕದಲ್ಲಿ ಮತ್ತೆ ತಡವರಿಸಿ ಬರೆದಷ್ಟನ್ನೂ ಒರೆಸಿದಳು. ಗಂಟೆ ಹೊಡೆಯಿತು, ನಾವು ಒಳಗೆ ಹೋದೆವು. ಅಧಿಕಾರಿಯ ಕೈಗೆ ಹೋದದ್ದು ಒಂದು ಬೂದು ಹಾಳೆ. ಮೇಲೆ ಅವಳ ಹೆಸರು, ಅಷ್ಟೇ.

"ಯಾಕಮ್ಮ ಏನೂ ಬರೆದಿಲ್ಲ?" ಅಂದರು ಅವರು.

"ಬರೆದಿದ್ದೆ. ಒಂದು ತಪ್ಪಾಗಿತ್ತು."

ಹೆಡ್ ಮೇಡಂ ನನ್ನನ್ನೇ ನೋಡಿದಳು. ನಾನು ಅಷ್ಟು ಕಷ್ಟಪಟ್ಟು ಉರು ಹೊಡೆದ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಸೋಮವಾರ ಬನ್ನಿ ಅಂದರು ಅಧಿಕಾರಿ. ದಾರಿಯಲ್ಲಿ ಇವಳನ್ನು ಬೈದೆ. ಹೌದು, ಬೈದೆ. ಅವಳು "ಮನೆಗೆ ಹೋಗಿ ಮತ್ತೆ ಬರೀತೀನಿ ಅಮ್ಮ" ಅಂದಳು.

ಸೆಪ್ಟೆಂಬರ್ 21

ಮಿಷನ್ ಹತ್ತಿರ ಹೋಗಲಿಲ್ಲ. ಗಂಡ ತಮಾಷೆ ಮಾಡಲಿಲ್ಲ. ಒಂದಾದರೂ ಮಾಡಬಾರದಿತ್ತೇ?

ಸೆಪ್ಟೆಂಬರ್ 23, ಸೋಮವಾರ

ಹೆಡ್ ಮೇಡಂ ಕೋಣೆಯಲ್ಲಿ ನಾವು ಮೂವರು, ಆಕೆ, ಆ ಅಧಿಕಾರಿ. ಮೇಜಿನ ಮೇಲೆ ಆ ಬೂದು ಹಾಳೆ. ಸೊನ್ನೆ ಅನ್ನುವುದನ್ನು ಕೇಳಲು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆಕೆ ನಗಲಿ, ನಕ್ಕರೆ ಮೇಜಿನ ಮೇಲಿನ ಲೋಟದ ನೀರನ್ನು ಆಕೆಯ ಕೋಟಿನ ಮೇಲೆ ಚೆಲ್ಲಿಯೇ ಬರುತ್ತೇನೆ ಅಂದುಕೊಂಡಿದ್ದೆ.

ಆಕೆ ನಗಲಿಲ್ಲ. ಇನ್ನೊಂದು ಹಾಳೆಯನ್ನು ನಮ್ಮ ಕಡೆ ತಿರುಗಿಸಿದಳು. "ಮಗು ಒತ್ತಿ ಬರೆದಿದಾಳೆ. ಕಿಟಕಿ ಹತ್ರ ಓರೆಯಾಗಿ ಹಿಡಿದ್ರೆ ಅಚ್ಚು ಕಾಣುತ್ತೆ. ಶನಿವಾರ ಕೂತು ಒಂದೊಂದೇ ನೋಡಿ ಇಳಿಸ್ಕೊಂಡೆ. ಹತ್ತೊಂಬತ್ತು ಸರಿ ಇದೆ. ಒಂದು ತಪ್ಪು."

ಅಧಿಕಾರಿ ತಲೆದೂಗಿದರು. ಇದನ್ನು ಪರಿಗಣಿಸುತ್ತೇನೆ, ನೀವು ಮನೆಯಲ್ಲೇ ಮುಂದುವರಿಸಬಹುದು ಅಂದರು.

ನಾನು ಗೆದ್ದೆ. ಮೂರು ತಿಂಗಳು ಹಗಲೆಲ್ಲ ಕನಸು ಕಂಡ ಗೆಲುವನ್ನು ಆ ಹೆಂಗಸಿನ ಕೈಯಿಂದಲೇ ತೆಗೆದುಕೊಳ್ಳಬೇಕಾಯಿತು! ಇದಕ್ಕಿಂತ ಸೊನ್ನೆ ಕೊಟ್ಟಿದ್ದರೆ ಚೆನ್ನಾಗಿತ್ತು, ಶಪಿಸಿಕೊಂಡಾದರೂ ಬದುಕುತ್ತಿದ್ದೆ. ಅಷ್ಟಕ್ಕೇ ಬಿಡಲಿಲ್ಲ. ಆಕೆ ಕುರ್ಚಿಯಿಂದ ಎದ್ದು ಬಂದು ಚಿಲ್ಟುವಿನ ಮುಂದೆ ಮಂಡಿಯೂರಿ ಕೂತಳು.

"ಅವತ್ತು ಎಲ್ಲರ ಮುಂದೆ ನಿನ್ನ ಪುಸ್ತಕ ಎತ್ತಿ ತೋರಿಸಿದೆನಲ್ಲ ಮರೀ, ಅದು ನನ್ನ ತಪ್ಪು. ನಿನ್ನ ಬಗ್ಗೆ ಅಂದಿದ್ದೂ ತಪ್ಪು. ಸಾರಿ."

ಆಮೇಲೆ ಮೇಡಂ ನನ್ನ ಕಡೆ ತಿರುಗಿ, "ನಿಮಗೂ" ಅಂದರು.

ಅಧಿಕಾರಿ ಚಿಲ್ಟುವನ್ನು ಕೇಳಿದರು: "ನಿಂಗೆ ಎಲ್ಲಿ ಕಲಿಯೋಕೆ ಇಷ್ಟಮ್ಮ? ಮನೇಲಾ, ಶಾಲೇಲಾ?" ಅವಳು ಅಪ್ಪನ ಅಂಗಿಯ ತುದಿ ಹಿಡಿದುಕೊಂಡು, ಕೇಳಿಸಿಯೂ ಕೇಳಿಸದ ಹಾಗೆ, "ಇಲ್ಲಿ" ಅಂದಳು.

ಗೇಟು ದಾಟುವ ತನಕ ತಡೆದುಕೊಂಡೆ. "ಇಲ್ಲಿಗಾ? ಇಷ್ಟೆಲ್ಲ ಆದ ಮೇಲೂ ಅವರ ಹತ್ರಕ್ಕೇನಾ?"

"ಅವರು ಸಾರಿ ಕೇಳಿದ್ರಲ್ಲ ಅಮ್ಮ."

ಗಂಡ ಮುಂದೆ ಮುಂದೆ ನಡೆದರು, ಬೇಕೆಂದೇ. ಫುಟ್‌ಪಾತಿನಲ್ಲಿ ನಾವಿಬ್ಬರೇ. ಸಾರಿ ಅನ್ನುವುದು ಎಷ್ಟು ಹೊತ್ತಿನ ಕೆಲಸ? ನನ್ನ ನಾಲಿಗೆಯೇನು ಬಿದ್ದುಹೋಗಿತ್ತೇ? ಊರಿನವರಿಗೆಲ್ಲ ತಿರುಗಿಸಿ ಕೊಡಲು ಅಳತೆ ಬರೆದಿಟ್ಟವಳಿಗೆ ಮಗಳಿಗೆ ಕೊಡಬೇಕಾದ ಆ ಒಂದು ಮಾತು ಹೊರಡಲಿಲ್ಲ. ಅದರ ಬದಲು ಪ್ರಶ್ನೆ ಕೇಳಿದೆ.

"ನಿಂಗೆ ನನ್ನ ಕಂಡ್ರೆ ಭಯಾನೇನೇ?"

"ಇಲ್ಲ" ಅಂದಳು. ಅಂದವಳು ಉತ್ತರ ಸರಿಯಾಯಿತೋ ತಪ್ಪಾಯಿತೋ ಅಂತ ನನ್ನ ಮುಖವನ್ನೇ ನೋಡುತ್ತಾ ನಿಂತಳು.